‘ಸ್ನಾಯುಗ್ರಾಹಿ’ ಎನ್ನಬಹುದೇ?

ರಜೆಗೆಂದು ಶಿರಸಿಗೆ ಬಂದಿದ್ದ ಅಣ್ಣನ ಮಗಳು ಜೀವರಸಾಯನಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ. ಇಲ್ಲಿನ ಪ್ರೌಢಶಾಲೆಯ ಮಕ್ಕಳೆದುರು ತನ್ನ ಕೆಲಸದ ಬಗ್ಗೆ ಕನ್ನಡದಲ್ಲಿ ಮಾತನಾಡಬೇಕಿದ್ದುದರಿಂದ ಕರಡನ್ನು ತಿದ್ದಲು ನನ್ನ ಕೈಗಿತ್ತಳು. ಜೊತೆಗೆ ತೋರಿಸಲೆಂದು ತಂದಿದ್ದ ಖಾಲಿ ಕುಪ್ಪಿಯೊಂದಿತ್ತು. ಕಿರುಬೆರಳಿಗಿಂತ ಚಿಕ್ಕದು, ಅದರ ಚೀಟಿಯ ಮೇಲೆ ‘ರಿಕಾಂಬಿನೆಂಟ್ ಹ್ಯೂಮನ್’ ಎಂದು ಆರಂಭವಾಗುವ ಉದ್ದನೆಯ ಹೆಸರು, ಕೆಳಗೆ ‘ಸಂಶೋಧನೆಗೆ ಮಾತ್ರ’ ಎಂಬರ್ಥದ ಸಾಲು. ಅದನ್ನು ಅವಳು ‘ಪುನಸ್ಸಂಯೋಜಿತ ಮಾನವ ಸ್ನಾಯುಗ್ರಾಹಿ ಪ್ರೋಟೀನು’ ಎಂದು ಕನ್ನಡಿಸಿದ್ದಳು.

ನನ್ನ ತಕರಾರು ‘ಸ್ನಾಯುಗ್ರಾಹಿ’ಯ ಮೇಲೆ. ರಿಸೆಪ್ಟರ್‌ಗೆ, ಅಂದರೆ ನಿರ್ದಿಷ್ಟ ರಾಸಾಯನಿಕವನ್ನು ಹಿಡಿದುಕೊಳ್ಳುವ ಪ್ರೋಟೀನಿಗೆ, ‘ಗ್ರಾಹಕ’ ಎಂದರೆ ಅಂಗಡಿಯ ಗಿರಾಕಿ ಕಣ್ಣೆದುರು ನಿಲ್ಲುವುದರಿಂದ ‘ಗ್ರಾಹಿ’ ಮೇಲೆನ್ನುವುದು ಸರಿಯೇ. ಆದರೆ ಗುಣಗ್ರಾಹಿ, ಸಾರಗ್ರಾಹಿ, ಹೃದಯಗ್ರಾಹಿ, ಈ ಯಾವ ಮಾತಿನಲ್ಲೂ ಗ್ರಾಹಿಯ ಹಿಂದೆ ಕೂರುವುದು ಹಿಡಿಯಲ್ಪಡುವ ವಸ್ತು, ಗ್ರಾಹಿ ಇರುವ ಜಾಗವಲ್ಲ. ಆ ಲೆಕ್ಕದಲ್ಲಿ ಸ್ನಾಯುಗ್ರಾಹಿ ಎಂದರೆ ಸ್ನಾಯುವನ್ನು ಹಿಡಿಯುವಂಥದ್ದು, ನಡುರಾತ್ರಿ ಮೀನಖಂಡ ಸೆಟೆದುಕೊಳ್ಳುತ್ತದಲ್ಲ, ಅದಕ್ಕೇ ಒಪ್ಪುವ ಹೆಸರು. ಇಲ್ಲಿ ವಾಸ್ತವ ಬೇರೆ. ನರದ ತುದಿಯಿಂದ ಹೊಮ್ಮುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವನ್ನು ಸ್ನಾಯುಕೋಶದ ಮೇಲಿರುವ ಈ ಪ್ರೋಟೀನು ಹಿಡಿದುಕೊಳ್ಳುತ್ತದೆ, ಹಿಡಿದೊಡನೆ ಅದರ ನಡುವಿನ ಕಾಲುವೆ ತೆರೆದು ಸೋಡಿಯಂ ಒಳನುಗ್ಗುತ್ತದೆ, ಸ್ನಾಯು ಸಂಕೋಚಿಸುತ್ತದೆ. ಆದ್ದರಿಂದ ‘ಸ್ನಾಯುವಿನ ಅಸಿಟೈಲ್‌ಕೋಲಿನ್‌ಗ್ರಾಹಿ’ ಎಂದು ಷಷ್ಠಿಯನ್ನು ಬಿಡಿಸಿ ಬರೆಯಬೇಕೆಂದು ನಾನೆಂದೆ. ಉದ್ದವಾಯಿತೆಂದು ಅವಳು ಗೊಣಗಿದಳು. ಇನ್ನೂ ಒಂದು ಮಾತಿದೆ: ಪೂರ್ತಿ ಗ್ರಾಹಿ ಐದು ಉಪಘಟಕಗಳ ಕೂಟ, ಅವುಗಳಲ್ಲಿ ಎರಡು ‘ಆಲ್ಫಾ’ ಎಂಬ ಬಗೆಯವು; ಅವಳ ಕುಪ್ಪಿಯಲ್ಲಿದ್ದುದು ಆಲ್ಫಾ ಉಪಘಟಕದ ಒಂದು ಭಾಗವಷ್ಟೇ. ಅದನ್ನು ‘ಗ್ರಾಹಿ’ ಎಂದೇ ಕರೆದರೆ ಬಾಗಿಲ ಪಡಿಯನ್ನು ಮನೆ ಎಂದ ಹಾಗೆ.

ನಮ್ಮ ನೆರೆಯ ವೈದ್ಯರು ಬೇರೆಯೇ ಆಕ್ಷೇಪ ತೆಗೆದರು. ಆಯುರ್ವೇದದಲ್ಲಿ ‘ಗ್ರಾಹಿ’ ಎಂದರೆ ದ್ರವವನ್ನು ಹೀರಿ ಭೇದಿಯನ್ನು ಕಟ್ಟುವ ದ್ರವ್ಯ; ಶುಂಠಿ, ಜೀರಿಗೆ ಆ ವರ್ಗದವು. ‘ಸ್ನಾಯು’ ಕೂಡ ಅವರಿಗೆ ಒಪ್ಪಿಗೆಯಿಲ್ಲ, ಏಕೆಂದರೆ ಸುಶ್ರುತನು ದೇಹದಲ್ಲಿ ಪೇಶಿಗಳು 500, ಸ್ನಾಯುಗಳು 900 ಎಂದು ಬೇರೆ ಬೇರೆಯಾಗಿ ಎಣಿಸಿದ್ದಾನೆ. ಮಾಂಸಖಂಡಕ್ಕೆ ಪೇಶಿ, ಕಟ್ಟಿ ಹಿಡಿಯುವ ತಂತುವಿಗೆ ಸ್ನಾಯು. ಬಂಗಾಳಿಯಲ್ಲಂತೂ ಸ್ನಾಯು ಎಂದರೆ ನರ. ಆದರೆ ಮರಾಠಿಯಲ್ಲಿ ಅದು ನಮ್ಮ ಅರ್ಥದಲ್ಲೇ ಇರುವುದರಿಂದ ಕಾರವಾರದ ಕಡೆ ಯಾರಿಗೂ ತೊಡಕಾಗದು. ಕನ್ನಡದ ಪಠ್ಯಪುಸ್ತಕಗಳಲ್ಲಿ ಬೇರೂರಿದ ಪದವನ್ನು ಸುಶ್ರುತನಿಗಾಗಿ ಕೀಳುವುದು ಬೇಡವೆಂದೇ ನನ್ನ ಅಭಿಪ್ರಾಯ. ಮಾತಿನಲ್ಲಿ ನಾವು ಸೆಳೆತಕ್ಕೂ ‘ನರ ಹಿಡಿದಿದೆ’ ಎನ್ನುವವರೇ, ಅದು ಬೇರೆ ವಿಷಯ.

‘ಮಾನವ’ ಎಂಬ ವಿಶೇಷಣ ಮಕ್ಕಳನ್ನು ಖಂಡಿತ ದಾರಿ ತಪ್ಪಿಸುತ್ತದೆ. ಯಾರದೋ ತೋಳಿನಿಂದ ತೆಗೆದದ್ದೆಂದು ಅವರು ತಿಳಿದಾರು. ಮಾನವನದು ವಂಶವಾಹಿಯ ಬರೆಹ ಮಾತ್ರ. ಅದನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ ಪ್ರೋಟೀನನ್ನು ತಯಾರಿಸಿಕೊಂಡಿದ್ದಾರೆ. 1982ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ‘ಮಾನವ ಇನ್ಸುಲಿನ್’ ಕೂಡ ಹೀಗೆ ತಯಾರಾದದ್ದೇ, ಆ ಹೆಸರಿಗೆ ನಾವು ಒಗ್ಗಿಕೊಂಡಿದ್ದೇವೆ. ಬಿಟಿ ಬದನೆಯ ಗದ್ದಲದಲ್ಲಿ ಕೇಳಿಬಂದ ‘ಕುಲಾಂತರಿ’ (ಬೇರೆ ಜೀವಿಯ ವಂಶವಾಹಿ ಸೇರಿಸಿದ್ದು) ಎಂಬ ಪದವನ್ನು ಇಲ್ಲಿ ತರಬಹುದೇ ಎಂದು ಅವಳು ಕೇಳಿದಳು. ಕುಲಾಂತರಿಯಾದದ್ದು ಬ್ಯಾಕ್ಟೀರಿಯಾ, ಅದು ಹೆತ್ತ ಪ್ರೋಟೀನಲ್ಲ, ಹಾಗಾಗಿ ಬೇಡವೆಂದೆ. ‘ಪುನಸ್ಸಂಯೋಜಿತ’ವೂ ನನಗೆ ಪೂರ್ತಿ ಹಿಡಿಸಿಲ್ಲ, ಏಕೆಂದರೆ ಮರುಜೋಡಣೆಯಾದದ್ದು ಡಿಎನ್‌ಎ, ಪ್ರೋಟೀನಲ್ಲ. ಸದ್ಯಕ್ಕೆ ‘ಮರುಜೋಡಿತ ಡಿಎನ್‌ಎಯಿಂದ ಪಡೆದ, ಮಾನವ ಸ್ನಾಯುವಿನ ಅಸಿಟೈಲ್‌ಕೋಲಿನ್‌ಗ್ರಾಹಿಯ ಆಲ್ಫಾ ಉಪಘಟಕದ ಭಾಗ’ ಎಂದು ತಿದ್ದಿ ಕೊಟ್ಟಿದ್ದೇನೆ.

ಬಲ್ಲವರಲ್ಲಿ ಕೇಳುವುದಿಷ್ಟು: ಗ್ರಾಹಿಯ ಹಿಂದೆ ಸ್ಥಳವಾಚಕ ಪದವಿಟ್ಟು ಮಾಡಿದ ಸಮಾಸಕ್ಕೆ ಹಳೆಯ ಪ್ರಯೋಗವೇನಾದರೂ ಇದೆಯೇ? ಇಲ್ಲದಿದ್ದರೆ, ಭಾಷಣದಲ್ಲಿ ಒಂದೇ ಉಸಿರಿಗೆ ಹೇಳಬಹುದಾದ ಬೇರೆ ಪದ ಯಾವುದು?