ಲೈಪೋಸೋಮ್ ಮೂರೇ ದಿನಕ್ಕೆ ತಳ ಸೇರಿತು, ಯಾಕೆ?

ಪ್ರಶ್ನೆ (ಎಂ.ಫಾರ್ಮ ವಿದ್ಯಾರ್ಥಿ): ಮೇಡಂ, ಲೈಪೋಸೋಮ್ (ಲಿಪಿಡ್ಡಿನ ಪುಟ್ಟ ಗುಳ್ಳೆ) ಮಾಡಲು ಡಿಪಿಪಿಸಿ ಅನ್ನುವ ಲಿಪಿಡ್ಡನ್ನು, ಅಂದರೆ ಕೊಬ್ಬಿನಂಥ ವಸ್ತುವನ್ನು, ಕ್ಲೋರೋಫಾರ್ಮಿನಲ್ಲಿ ಕರಗಿಸಿ, ಒಣಗಿಸಿ, ಫ್ಲಾಸ್ಕಿನ ಒಳಗೆ ತೆಳು ಪದರ ಮಾಡಿದೆ. ಬಫರ್ (ಆಮ್ಲತೆ ಏರುಪೇರಾಗದಂತೆ ಕಾಯುವ ನೀರಿನ ದ್ರಾವಣ) ಹಾಕಿ ಅಲ್ಲಾಡಿಸಿದರೆ ಹಾಲಿನ ಹಾಗಾಗಲಿಲ್ಲ, ಚೂರು ಚೂರಾಗಿ ಎದ್ದುಬಂತು. ಮೂರು ದಿನಕ್ಕೆ ತಳದಲ್ಲಿ ಬಿಳಿ ಗಸಿ. ಲಿಪಿಡ್ ತಾನಾಗೇ ಗುಳ್ಳೆ ಕಟ್ಟುತ್ತೆ ಅಂತಾರಲ್ಲ?

ಉತ್ತರ: ಬಫರ್ ಎಷ್ಟು ಬಿಸಿ ಇತ್ತು?

ಪ್ರಶ್ನೆ: ಬಿಸಿ ಮಾಡಿರಲಿಲ್ಲ ಮೇಡಂ. 25 ಡಿಗ್ರಿ ಇರಬಹುದು.

ಉತ್ತರ: ಅಲ್ಲೇ ಎಡವಟ್ಟಾಗಿರುವುದು. ಡಿಪಿಪಿಸಿ ಅಣುವಿನ ಕೊಬ್ಬಿನ ಬಾಲಗಳು 41 ಡಿಗ್ರಿಗಿಂತ ಕೆಳಗೆ ಚಳಿಗಾಲದ ತುಪ್ಪದ ಹಾಗೆ ಬಿಗಿಯಾಗಿರುತ್ತವೆ. ಪದರ ಬಾಗುವುದೇ ಇಲ್ಲ. ಬಫರನ್ನೂ ಫ್ಲಾಸ್ಕನ್ನೂ 50 ಡಿಗ್ರಿಯಲ್ಲಿಟ್ಟು ಮತ್ತೆ ಮಾಡಿ.

ತಾನಾಗೇ ಕಟ್ಟುತ್ತೆ ಅನ್ನುವುದು ನಿಜವೇ. ಆದರೆ ಕಟ್ಟಿಸುವುದು ನೀರು. ಲಿಪಿಡ್ಡಿನ ತಲೆಗೆ ನೀರು ಬೇಕು, ಎರಡು ಕೊಬ್ಬಿನ ಬಾಲಗಳಿಗೆ ಬೇಡ. ಬಾಲದ ಸುತ್ತ ನಿಂತ ನೀರಿನ ಅಣುಗಳಿಗೆ ಮನಬಂದಂತೆ ತಿರುಗಾಡಲು ಆಗುವುದಿಲ್ಲ. ಹಾಗಾಗಿ ಬಾಲಗಳೆಲ್ಲ ಒಂದೆಡೆ ಸೇರಿಕೊಳ್ಳುತ್ತವೆ. ಸೋಪಿಗೆ ಒಂದೇ ಬಾಲ, ಅದು ಪುಟ್ಟ ಉಂಡೆಯಾಗುತ್ತದೆ. ಎರಡು ಬಾಲದ್ದು ಸಿಲಿಂಡರ್ ಆಕಾರ, ಅದಕ್ಕೇ ಜೋಡಿ ಹಾಳೆಯಾಗುತ್ತದೆ, ದಪ್ಪ 4-5 ನ್ಯಾನೋಮೀಟರ್. ಹಾಳೆಯ ಅಂಚಿನಲ್ಲಿ ಬಾಲ ನೀರಿಗೆ ತಾಕುತ್ತದೆ ಅಲ್ವಾ? ಅದನ್ನು ತಪ್ಪಿಸಲು ಹಾಳೆ ಬಾಗಿ ಅಂಚು ಅಂಚಿಗೆ ಸೇರಿ ಗುಳ್ಳೆಯಾಗುತ್ತದೆ. 1960ರ ದಶಕದಲ್ಲಿ ಇಂಗ್ಲೆಂಡಿನ ಬಾಬ್ರಹಾಮಿನಲ್ಲಿ ವಿಜ್ಞಾನಿ ಅಲೆಕ್ ಬ್ಯಾಂಗ್‌ಹ್ಯಾಮ್ ಇದನ್ನೇ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಕಂಡಿದ್ದು.

ಪ್ರಶ್ನೆ: ಬಿಸಿ ಮಾಡಿಬಿಟ್ಟರೆ ಗಸಿ ಕೂರಲ್ವಾ?

ಉತ್ತರ: ಕೂರುತ್ತೆ, ಸ್ವಲ್ಪ ತಡವಾಗಿ. ಗುಳ್ಳೆ ಸುಮ್ನೆ ಕರಗಿಹೋಗುವುದಿಲ್ಲ. ಸೋಪಿನ ಉಂಡೆ ಜಾಸ್ತಿ ನೀರು ಸುರಿದರೆ ಬಿಚ್ಚಿಕೊಳ್ಳುತ್ತದೆ, ಇದು ಹಾಗಲ್ಲ. ಇದರ ಕಾಟವೇ ಬೇರೆ: ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅಲ್ಲಾಡಿಸಿ ಮಾಡಿದವು ಈರುಳ್ಳಿಯಂತೆ ಹಲವು ಪದರದವು, ದೊಡ್ಡವು, ಬೇಗ ತಳ ಸೇರುತ್ತವೆ. 100 ನ್ಯಾನೋಮೀಟರ್ ರಂಧ್ರದ ಸೋಸುವ ಪೊರೆಯ ಎರಡು ಬದಿಗೂ ಸಿರಿಂಜ್ ಇಟ್ಟು, ಬಿಸಿಯಾಗಿರುವಾಗಲೇ, ಅತ್ತಿಂದಿತ್ತ 11 ಸಲ ಹಾಯಿಸಿ. ಬೆಸ ಸಂಖ್ಯೆ ಯಾಕೆಂದರೆ, ಹಾಯದೆ ಉಳಿದ ದಪ್ಪ ಚೂರು ಮೊದಲ ಸಿರಿಂಜಿನಲ್ಲೇ ಇರಲಿ ಅಂತ.

ಜೊತೆಗೆ ಋಣ ಚಾರ್ಜಿನ ಡಿಪಿಪಿಜಿ ಲಿಪಿಡ್ ಸ್ವಲ್ಪ ಬೆರೆಸಿದರೆ ಗುಳ್ಳೆಗಳು ಒಂದನ್ನೊಂದು ದೂರ ತಳ್ಳುತ್ತವೆ. ಆಮೇಲೆ ಕ್ಯಾಲ್ಸಿಯಂ ಇರುವ ಬಫರ್ ಮಾತ್ರ ಬೇಡ, ಅದು ನಡುವೆ ನಿಂತು ಅಂಟಿಸಿಬಿಡುತ್ತದೆ.

ಇನ್ನೊಬ್ಬರು: ಫ್ರೀಜರಿನಲ್ಲಿ ಇಡಬಹುದಾ ಮೇಡಂ?

ಉತ್ತರ: ಬೇಡ, ಐಸ್ ಹರಳು ಗುಳ್ಳೆಯ ಪೊರೆಯನ್ನು ಹರಿಯುತ್ತದೆ. ಫ್ರಿಜ್ಜಿನಲ್ಲಿ 4 ಡಿಗ್ರಿ ಸಾಕು. ಫ್ರೀಜ್ ಮಾಡಲೇಬೇಕಿದ್ದರೆ ಟ್ರೆಹಲೋಸ್ ಸಕ್ಕರೆ ಗುಳ್ಳೆಯ ಒಳಗೂ ಹೊರಗೂ ಇರಬೇಕು.

ಪ್ರಶ್ನೆ: ಅಯ್ಯೋ, ಉಳಿದದ್ದನ್ನು ನಿನ್ನೆ ಫ್ರೀಜರಿಗೇ ಹಾಕಿದ್ದೆ!