ಡಿಸ್ಕ್ 'ಬರ್ನ್' ಮಾಡುವುದಕ್ಕೆ ಕನ್ನಡ ಪದ: ನಾಳೆಯೊಳಗೆ ಬೇಕು

ಎಲ್ಲರಿಗೂ ನಮಸ್ಕಾರ.

ನಮ್ಮ ಲೈಬ್ರರಿಯಲ್ಲಿ ತಾಳಮದ್ದಳೆಯ ಹಳೆಯ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಿ, ಫೈಲುಗಳನ್ನು ಡಿವಿಡಿಗೆ ಹಾಕಿಡುತ್ತಿದ್ದೇವೆ (ಇದಕ್ಕೇ 'ಬರ್ನ್' ಅನ್ನುವುದು). ಮೂರರಲ್ಲಿ ಒಂದು ಡಿಸ್ಕ್ ಕೆಡುತ್ತಿದೆ. ಏನು ತಪ್ಪಾಯಿತು, ಏನು ಮಾಡಬೇಕು ಎಂದು ಒಂದು ಹಾಳೆ ಬರೆದು ಗೋಡೆಗೆ ಅಂಟಿಸಬೇಕು. ನಾಳೆ ಪ್ರಿಂಟ್. ಬರ್ನ್, ಬಫರ್ ಅಂಡರ್‌ರನ್, ಫೈನಲೈಸ್, ವೆರಿಫೈ: ಇವಕ್ಕೆ ಏನು ಹಾಕಲಿ? 'ಸುಡು' ಬರೆದಿದ್ದೆ. ಡಿಸ್ಕ್ ಸುಟ್ಟುಹೋಯಿತು ಎಂದೇ ಎಲ್ಲರೂ ಓದಿಕೊಂಡರು.

ಮರು:
'ಸುಡು' ಬೇಡವೇ ಬೇಡ. 'ಬರೆ' ಎನ್ನಿ. ಅಕ್ಷರ ಬರೆಯುವುದೂ ಬರೆ, ಕಾದ ಕಬ್ಬಿಣದಲ್ಲಿ ಹಾಕುವುದೂ ಬರೆ. ಹುಲಿಯನ್ನು ನೋಡಿ ನರಿ ಹಾಕಿಕೊಂಡಿದ್ದು ಅದನ್ನೇ. ತಮಿಳಿನ 'ವರೈ'ಯಲ್ಲೂ ಗೆರೆ ಎಳೆಯುವ ಅರ್ಥವಿದೆ. ಡ್ರೈವಿನೊಳಗೆ ಆಗುವುದೂ ಇದೇ ಅಲ್ವಾ? ಲೇಸರ್ ಬಣ್ಣದ ಪದರವನ್ನು ಕಾಯಿಸಿ, ಸುರುಳಿ ಗೆರೆಯುದ್ದಕ್ಕೂ ಗುರುತು ಹಾಕುತ್ತಾ ಹೋಗುತ್ತದೆ. ಬಿಸಿ, ಗೆರೆ, ಬರಹ ಮೂರೂ ಒಂದೇ ಪದದಲ್ಲಿವೆ. 'ದಹನ' ಅಂತ ಸಂಸ್ಕೃತಕ್ಕೆ ಓಡಬೇಡಿ.

ಮರು:
> ಬಿಸಿ, ಗೆರೆ, ಬರಹ ಮೂರೂ
ಆರ್‌ಡಬ್ಲ್ಯೂ ಡಿಸ್ಕಿನಲ್ಲಿ (ಅಳಿಸಿ ಮತ್ತೆ ಬರೆಯುವಂಥದ್ದು) ಆ ಬಣ್ಣದ ಪದರವೇ ಇಲ್ಲ. ಅಲ್ಲಿರುವುದು ಹರಳಿನ ರೂಪ ಬದಲಾಗುವ ಮಿಶ್ರಲೋಹ, ಮತ್ತೆ ಅಳಿಸಬಹುದು. ಕಬ್ಬಿಣದ ಬರೆ ಅಳಿಯುತ್ತಾ? ಪರದೆಯ ಮೇಲೆ 'ಬರ್ನ್' ಅಂತಲೇ ಇದೆ. 'ಬರ್ನ್ ಮಾಡು' ಸಾಕು. ಬಸ್ಸು, ಟಿಕೆಟ್ಟು ನಮ್ಮ ಒಪ್ಪಿಗೆ ಕೇಳಿ ಕನ್ನಡಕ್ಕೆ ಬರಲಿಲ್ಲ.

ಮರು:
ಬಸ್ಸು ನಾಮಪದ. ಅದಕ್ಕೆ ನನ್ನ ತಕರಾರಿಲ್ಲ. ಕ್ರಿಯಾಪದಗಳಿಗೂ ಇಂಗ್ಲಿಷ್ ತಂದು ಬಾಲಕ್ಕೆ 'ಮಾಡು' ಕಟ್ಟುತ್ತಾ ಹೋದರೆ ನಮ್ಮ ಧಾತುಗಳಿಗೆ ಏನು ಕೆಲಸ ಉಳಿಯುತ್ತದೆ? ಸ್ಲೇಟಿನ ಮೇಲೆ ಬರೆದದ್ದೂ ಅಳಿಯುತ್ತದೆ, ಅದೂ ಬರೆಯುವುದೇ.

ಮರು:
ಅವರಿಗೆ ನಾಳೆ ಹಾಳೆ ಬೇಕು. ಉಳಿದ ಪದಗಳನ್ನು ಯಾರೂ ಮುಟ್ಟಲೇ ಇಲ್ಲ.

ಬಫರ್ ಅಂಡರ್‌ರನ್‌ಗೆ 'ಬಫರ್ ಬರಿದಾಯಿತು' ಎನ್ನಿ. ಬಫರ್ ಎಂದರೆ ಬರೆಯುವ ಮೊದಲು ಡೇಟಾ ಕೂಡಿಡುವ ಜಾಗ. ಡ್ರೈವ್ ಒಂದೇ ಸಮ ಬರೆಯುತ್ತಿರುವಾಗ ಡೇಟಾ ಬರುವುದು ತಡವಾದರೆ ಹೀಗಾಗುತ್ತದೆ. ಹಿಂದೆ ಇದರಿಂದ ಡಿಸ್ಕೇ ಹಾಳಾಗುತ್ತಿತ್ತು. 2000ದಲ್ಲಿ ಇದನ್ನು ತಡೆಯಲು ಸಾನ್ಯೋ ಕಂಪನಿಯವರ ಬರ್ನ್-ಪ್ರೂಫ್ ತಂತ್ರ ಬಂತು. ಆಮೇಲಿನ ಡ್ರೈವುಗಳು ನಿಂತು, ಬಿಟ್ಟ ಜಾಗದಿಂದಲೇ ಮುಂದುವರಿಸುತ್ತವೆ. ಹಾಗಾಗಿ ನಿಮ್ಮ ಡಿಸ್ಕ್ ಕೆಡುವುದಕ್ಕೆ ಬೇರೆ ಕಾರಣ ಇರುವ ಸಂಭವವೇ ಜಾಸ್ತಿ. 16 ಪಟ್ಟಿನ ಬದಲು 8 ಪಟ್ಟು ವೇಗದಲ್ಲಿ ಬರೆದು ನೋಡಿ. ಬೆರಳಚ್ಚು, ಧೂಳು ನೋಡಿ. ಬೇರೆ ಕಂಪನಿಯ ಡಿಸ್ಕ್ ಹಾಕಿ ನೋಡಿ.

ಫೈನಲೈಸ್‌ಗೆ 'ಮುಚ್ಚು' ಬೇಡ, ವಿಂಡೋ ಮುಚ್ಚುತ್ತಾರೆ. 'ಡಿಸ್ಕ್ ಮುಗಿಸು' ಎನ್ನಿ. ಮುಗಿಸಿದ ಮೇಲೆ ಅದಕ್ಕೆ ಇನ್ನೇನೂ ಸೇರಿಸಲಾಗದು ಅಂತ ಪಕ್ಕದಲ್ಲೇ ಹಾಕಿ. ವೆರಿಫೈಗೆ ಪದ ಹುಡುಕಬೇಕಾಗಿಯೇ ಇಲ್ಲ. ಪ್ರತಿಯನ್ನು ಮೂಲದ ಜೊತೆ ಇಟ್ಟು ನೋಡುವುದಕ್ಕೆ ನಾವು ಯಾವಾಗಲೂ 'ತಾಳೆ ನೋಡು' ಅಂತಲೇ ಹೇಳುವುದು.

ಮರು:
ಹಾಳೆಯಲ್ಲಿ 'ಬರೆ' ಇಟ್ಟೆ. ಮೊದಲ ಸಲ ಬಂದಲ್ಲಿ ಮಾತ್ರ ಪಕ್ಕದಲ್ಲಿ 'ಬರ್ನ್' ಇದೆ. 8 ಪಟ್ಟಿನಲ್ಲಿ ಈಗ ಎರಡು ಡಿಸ್ಕ್ ಬರೆದೆ. ಎರಡೂ ತಾಳೆಯಾದವು.