ಅಮೆರಿಕದ ಪ್ರತಿಷ್ಠಿತ ವಿಶ್ವವಿದ್ಯಾಲಯಗಳು ಪದವಿಗೆ ಮಕ್ಕಳನ್ನು ಹೇಗೆ ಆರಿಸುತ್ತವೆ? ಅನುಭವವಿದ್ದವರು ತಿಳಿಸಿ

ಪ್ರಶ್ನೆ: ನಾವು ಅಮೆರಿಕದಲ್ಲಿರುವ ಕನ್ನಡ ಕುಟುಂಬ. ಮಗಳು ಹನ್ನೊಂದನೆಯ ತರಗತಿಯಲ್ಲಿದ್ದಾಳೆ. ಗಣಿತವೆಂದರೆ ಪ್ರಾಣ, ಎಂಐಟಿಗೆ (ಮ್ಯಾಸಚೂಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ) ಅರ್ಜಿ ಹಾಕುವ ಆಸೆ. ನಮಗೆ ಗೊತ್ತಿರುವುದು ಸಿಇಟಿ, ರ್‍ಯಾಂಕ್, ಕಟ್ಆಫ್ ಮಾತ್ರ. ಇಲ್ಲಿ ಪೂರ್ತಿ ಅಂಕ ಬಂದವರಿಗೂ ಸೀಟು ಸಿಗುವುದಿಲ್ಲ ಎನ್ನುತ್ತಾರೆ. ಹಾಗಾದರೆ ಅವರು ನೋಡುವುದೇನನ್ನು? ದುಬಾರಿ ಸಲಹೆಗಾರರನ್ನು ಹಿಡಿಯಲೇಬೇಕೇ?

ಒಬ್ಬ ತಾಯಿ: ಮೇಡಂ, ಮೊದಲು ರ್‍ಯಾಂಕಿನ ಲೆಕ್ಕವನ್ನು ತಲೆಯಿಂದ ತೆಗೆದುಬಿಡಿ. ಅಂಕ ಬೇಕು, ನಿಜ. ಕೋವಿಡ್ ಕಾಲದಲ್ಲಿ ಕೈಬಿಟ್ಟಿದ್ದ ಎಸ್ಎಟಿ ಅಥವಾ ಎಸಿಟಿ ಎಂಬ ಕಾಲೇಜು ಪ್ರವೇಶ ಪರೀಕ್ಷೆಯನ್ನು ಎಂಐಟಿ 2022ರಲ್ಲಿ ಮತ್ತೆ ಕಡ್ಡಾಯ ಮಾಡಿತು. ಆದರೆ ಆ ಅಂಕದಿಂದ ಅವರು ತಿಳಿದುಕೊಳ್ಳುವುದು ಒಂದೇ: ಅಲ್ಲಿನ ಗಣಿತ, ವಿಜ್ಞಾನದ ಭಾರವನ್ನು ಈ ಹುಡುಗಿ ತಡೆದುಕೊಳ್ಳುತ್ತಾಳೆಯೇ? ಅದು ಖಾತ್ರಿಯಾದ ಮೇಲೆ ಇನ್ನೂ ಹತ್ತಿಪ್ಪತ್ತು ಅಂಕಕ್ಕಾಗಿ ಮಗುವನ್ನು ಮತ್ತೆ ಮತ್ತೆ ಪರೀಕ್ಷೆಗೆ ಕೂರಿಸುವುದರಲ್ಲಿ ಅರ್ಥವಿಲ್ಲ. ಆ ಮಟ್ಟ ದಾಟಿದವರೇ ಸೀಟುಗಳಿಗಿಂತ ಎಷ್ಟೋ ಪಟ್ಟು ಇರುತ್ತಾರೆ.

ನಮ್ಮಂಥವರಿಗೆ ಯಾರೂ ಹೇಳದ ವಿಷಯವೊಂದಿದೆ. ಅಂಕಪಟ್ಟಿಯ ಜೊತೆಗೆ ಶಾಲೆಯ ಕೌನ್ಸೆಲರ್ ‘ಸ್ಕೂಲ್ ಪ್ರೊಫೈಲ್’ ಕಳಿಸುತ್ತಾರೆ. ಶಾಲೆಯಲ್ಲಿ ಯಾವ ಎಪಿ (ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ) ಕೋರ್ಸುಗಳಿವೆ, ಗ್ರೇಡ್ ಹೇಗೆ ಕೊಡುತ್ತಾರೆ ಎಂಬುದೆಲ್ಲ ಅದರಲ್ಲಿರುತ್ತದೆ. ಅರ್ಜಿ ಓದುವವರು ಅದನ್ನು ಪಕ್ಕದಲ್ಲಿಟ್ಟುಕೊಂಡೇ ಅಂಕಪಟ್ಟಿ ನೋಡುತ್ತಾರೆ. ನಾಲ್ಕೇ ಎಪಿ ಇರುವ ಶಾಲೆಯಲ್ಲಿ ನಾಲ್ಕನ್ನೂ ಓದಿದವಳು, ಇಪ್ಪತ್ತು ಇರುವ ಶಾಲೆಯಲ್ಲಿ ಎಂಟು ಓದಿದವಳಿಗಿಂತ ಹಿಂದೆ ಬೀಳುವುದಿಲ್ಲ. ಮಗಳಿಗೆ ಸಿಕ್ಕಿದ ಅವಕಾಶವೆಷ್ಟು, ಅದರಲ್ಲಿ ಅವಳು ಮಾಡಿದ್ದೇನು, ಇದೇ ಪ್ರಶ್ನೆ.

ಕ್ಲಬ್ಬುಗಳ ಪಟ್ಟಿ ಬೆಳೆಸಲು ಹೋಗಬೇಡಿ. ಬಹಳ ಕಾಲೇಜುಗಳು ಬಳಸುವ ಕಾಮನ್ ಆ್ಯಪ್ ಎಂಬ ಸಾಮಾನ್ಯ ಅರ್ಜಿಯಲ್ಲಿ ಚಟುವಟಿಕೆಗಳಿಗೆ ಹತ್ತು ಜಾಗಗಳಿವೆ; ಸ್ವಂತ ಅರ್ಜಿ ಇಟ್ಟುಕೊಂಡಿರುವ ಎಂಐಟಿ ಕೇಳುವುದು ನಾಲ್ಕನ್ನೇ. ಬರಿಯ ಖುಷಿಗಾಗಿ ಮಾಡುವ ಕೆಲಸ ಯಾವುದು ಎಂಬ ಪ್ರಶ್ನೆಯೂ ಅದರಲ್ಲಿದೆ. ನನ್ನ ಮಗ, ನಮ್ಮೂರಿನ ಬಸ್ ಮಾರ್ಗಗಳನ್ನು ತನಗೆ ತೋಚಿದಂತೆ ಬದಲಿಸಿ ನಕ್ಷೆ ಬಿಡಿಸುತ್ತಾ ಕೂರುವುದರ ಬಗ್ಗೆ ಬರೆದ. ಯಾವ ಪ್ರಶಸ್ತಿಯೂ ಇಲ್ಲದ ಕೆಲಸ, ಆದರೆ ಓದಿದರೆ ಅವನೇ ಎದುರು ಕೂತು ಮಾತಾಡಿದಂತಿತ್ತು. ಅವನಿಗೆ ಅಲ್ಲಿ ಸಿಗಲಿಲ್ಲ, ಇನ್ನೊಂದು ಒಳ್ಳೆಯ ಕಡೆ ಸಿಕ್ಕಿತು. ಹಾಗಿದ್ದರೂ ಆ ಉತ್ತರದ ಒಂದು ಸಾಲನ್ನೂ ಬದಲಿಸು ಎಂದು ನಾನು ಹೇಳುವುದಿಲ್ಲ.

ಹೈಸ್ಕೂಲ್ ಗಣಿತ ಶಿಕ್ಷಕಿ: ಶಿಫಾರಸು ಪತ್ರಗಳ ಬಗ್ಗೆ ನಾನು ಹೇಳುತ್ತೇನೆ. ಎಂಐಟಿ ಎರಡು ಕೇಳುತ್ತದೆ: ಒಂದು ಗಣಿತ ಅಥವಾ ವಿಜ್ಞಾನದ ಶಿಕ್ಷಕರಿಂದ, ಇನ್ನೊಂದು ಭಾಷೆ, ಸಮಾಜ ವಿಜ್ಞಾನದಂಥ ವಿಷಯದವರಿಂದ. ಎರಡನೆಯದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ‘ಬುದ್ಧಿವಂತೆ, ಶ್ರಮಜೀವಿ’ ಎಂದು ಬರೆದರೆ ಓದುವವರಿಗೆ ಏನೂ ತಿಳಿಯುವುದಿಲ್ಲ. ನನ್ನ ವಿದ್ಯಾರ್ಥಿನಿಯೊಬ್ಬಳು, ನಾನು ಬೋರ್ಡಿನ ಮೇಲೆ ಬರೆದ ಪ್ರಮೇಯದ ಸಾಧನೆ ಸುತ್ತುಬಳಸಾಯಿತೆಂದು ಮರುದಿನ ಅದಕ್ಕಿಂತ ಚಿಕ್ಕದೊಂದನ್ನು ತಂದಳು. ಯಾವ ಹೆಜ್ಜೆಯಲ್ಲಿ ತನಗೇ ಅನುಮಾನವಿದೆಯೋ ಅಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಿದ್ದಳು. ಪತ್ರದಲ್ಲಿ ಆ ಗುರುತಿನ ಬಗ್ಗೆಯೇ ಒಂದು ಪ್ಯಾರಾ ಬರೆದೆ. ಆದ್ದರಿಂದ ಹೆಚ್ಚು ಅಂಕ ಕೊಟ್ಟವರನ್ನಲ್ಲ, ಮಗಳನ್ನು ಹತ್ತಿರದಿಂದ ನೋಡಿದವರನ್ನು ಕೇಳಲು ಹೇಳಿ. ಬೇಸಿಗೆ ರಜೆಗೆ ಮುಂಚೆಯೇ ಕೇಳಲಿ. ಶರತ್ಕಾಲಕ್ಕೆ ನಮ್ಮ ಮೇಜಿನ ಮೇಲೆ ಇಂಥ ಕೋರಿಕೆಗಳ ರಾಶಿಯೇ ಬಿದ್ದಿರುತ್ತದೆ.

ಒಬ್ಬ ತಂದೆ: ಸಲಹೆಗಾರರು ಬೇಡವೆಂದೇ ನನ್ನ ಗಟ್ಟಿ ಅಭಿಪ್ರಾಯ. ದೊಡ್ಡವರು ತಿದ್ದಿ ತೀಡಿದ ಪ್ರಬಂಧದಲ್ಲಿ ಹದಿನೇಳರ ಹುಡುಗಿ ಕಾಣೆಯಾಗಿರುತ್ತಾಳೆ. ಶಾಲೆಯ ಕೌನ್ಸೆಲರನ್ನು ಈಗಲೇ ಭೇಟಿಯಾಗಿ. ಎಂಐಟಿ ಪ್ರವೇಶ ನಿರ್ಧರಿಸುವಾಗ ಮನೆಯ ಆದಾಯ ನೋಡುವುದಿಲ್ಲ. ತಂದೆ ತಾಯಿ ಅಲ್ಲೇ ಓದಿದ್ದರೂ ಅದಕ್ಕೆ ಬೆಲೆ ಕೊಡುವುದಿಲ್ಲ. ಎಲ್ಲ ಕಡೆ ಹೀಗಿಲ್ಲ, ಪ್ರತಿಯೊಂದನ್ನೂ ವಿಚಾರಿಸಿಕೊಳ್ಳಿ. ಬೇಗನೆ ಅರ್ಜಿ ಹಾಕುವವರಿಗೆ ಎಂಐಟಿಯಲ್ಲಿರುವುದು ಅರ್ಲಿ ಆ್ಯಕ್ಷನ್. ಬೇಗ ಉತ್ತರ ಬರುತ್ತದೆ, ಸೇರಲೇಬೇಕೆಂಬ ಕಟ್ಟಿಲ್ಲ. ಬೇರೆ ಕೆಲವು ಕಾಲೇಜುಗಳಲ್ಲಿರುವ ಅರ್ಲಿ ಡಿಸಿಷನ್ ಹಾಗಲ್ಲ: ಸಿಕ್ಕರೆ ಸೇರುತ್ತೇವೆಂದು ಮಗಳ ಜೊತೆ ನೀವೂ ಸಹಿ ಹಾಕುತ್ತೀರಿ, ಬೇರೆ ಕಡೆ ಸಿಗುವ ಹಣಕಾಸಿನ ನೆರವಿನ ಮೊತ್ತವನ್ನು ಹೋಲಿಸಿ ನೋಡುವ ಅವಕಾಶವಿರುವುದಿಲ್ಲ. ಸಹಿಗೆ ಮುಂಚೆ ಆ ಕಾಲೇಜಿನ ಜಾಲತಾಣದಲ್ಲಿರುವ ನೆಟ್ ಪ್ರೈಸ್ ಕ್ಯಾಲ್ಕುಲೇಟರ್‌ನಲ್ಲಿ ನಿಮ್ಮ ಆದಾಯ ಹಾಕಿ, ವರ್ಷಕ್ಕೆ ಎಷ್ಟು ಕೈಯಿಂದ ಹೋಗುತ್ತದೆ ಎಂದು ನೋಡಿಕೊಳ್ಳಿ.